ಎರಡನೇ ಡ್ರೈವ್‌ಗೆ ಲಿನಕ್ಸ್: ವಿಂಡೋಸ್ ಮುಟ್ಟದೆ ಹಾಕಿಕೊಳ್ಳುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೊರಟಗೆರೆ ತಾಲ್ಲೂಕಿನ ಕೊಳಾಲದಂಥ ಹೋಬಳಿ ಕೇಂದ್ರದ ಜೆರಾಕ್ಸ್ ಅಂಗಡಿ, ಟ್ಯೂಷನ್ ಮನೆ, ಸೊಸೈಟಿ ಕಚೇರಿಗಳಲ್ಲಿ ಆ ವಿಂಡೋಸ್ ಇರುವ ಸಿಸ್ಟಂಗಳು ಇನ್ನೂ ಚೆನ್ನಾಗಿಯೇ ಓಡುತ್ತಿವೆ. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಐದನೇ, ಆರನೇ ತಲೆಮಾರಿನ ಐ3, ಐ5 ಸಿಸ್ಟಂಗಳಿಗೆ ಅಲ್ಲಿ ಜಾಗವಿಲ್ಲ. ಹೊಸದು ಕೊಳ್ಳಲು ದುಡ್ಡು ಬೇಕು, ಭದ್ರತಾ ಅಪ್‌ಡೇಟ್ ನಿಂತುಹೋದ ಹಳೆಯದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಲು ಧೈರ್ಯ ಬೇಕು.

ಮೂರನೇ ದಾರಿ ಲಿನಕ್ಸ್. ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ, ಅಪ್‌ಡೇಟ್ ಬರುತ್ತಲೇ ಇರುತ್ತದೆ. ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 4 ಜಿಬಿ ಇದ್ದರೆ ಆರಾಮು. ಹಾಗೆಂದು ವಿಂಡೋಸನ್ನು ಪೂರ್ತಿ ಬಿಟ್ಟುಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಟ್ಯಾಲಿ ಅದರಲ್ಲಿದೆ, ಹೆಬ್ಬೆಟ್ಟಿನ ಸ್ಕ್ಯಾನರ್ ಅದರಲ್ಲಿ ಓಡುತ್ತದೆ, ಹತ್ತು ವರ್ಷದ ನುಡಿ ಕಡತಗಳು ಅದರಲ್ಲಿವೆ. ಆದ್ದರಿಂದ ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡು, ಆನ್ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳುವ ಡ್ಯುಯಲ್ ಬೂಟ್ ಪದ್ಧತಿ. ಇದನ್ನು ಮಾಡುವ ಅತ್ಯಂತ ನೆಮ್ಮದಿಯ ವಿಧಾನವೆಂದರೆ ಲಿನಕ್ಸ್‌ಗೆಂದೇ ಇನ್ನೊಂದು ಡ್ರೈವ್ ಕೊಡುವುದು.

ಒಂದೇ ಡ್ರೈವ್‌ನಲ್ಲಿ ಯಾಕೆ ಬೇಡ

ಪವರ್ ಬಟನ್ ಒತ್ತಿದಾಗ ಮೊದಲು ಎದ್ದೇಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನಲ್ಲಿರುವ ಯುಇಎಫ್ಐ ಎಂಬ ಸಣ್ಣ ತಂತ್ರಾಂಶ. ಹಳೆಯ ಅಭ್ಯಾಸದಿಂದ ಅದನ್ನು ಈಗಲೂ ಬಯೋಸ್ ಎಂದೇ ಕರೆಯುತ್ತೇವೆ. ಅದರ ನೆನಪಿನಲ್ಲಿ ಒಂದು ಪಟ್ಟಿ ಇರುತ್ತದೆ: ಯಾವ ಡ್ರೈವ್‌ನ ಯಾವ ಕಡತವನ್ನು ಮೊದಲು ಎಬ್ಬಿಸಬೇಕು ಎಂದು. ಆ ಕಡತಗಳು ಡ್ರೈವ್‌ನ ಒಂದು ಪುಟ್ಟ ಭಾಗದಲ್ಲಿರುತ್ತವೆ. ಅದರ ಹೆಸರು ಇಎಫ್ಐ ಪಾರ್ಟಿಷನ್. ವಿಂಡೋಸ್ ತಾನಾಗಿ ಮಾಡಿಕೊಳ್ಳುವ ಇಎಫ್ಐ ಪಾರ್ಟಿಷನ್ ಎಷ್ಟೋ ಯಂತ್ರಗಳಲ್ಲಿ 100 ಎಂಬಿ ಮಾತ್ರ. ವಿಂಡೋಸ್‌ನ ಬೂಟ್ ಮ್ಯಾನೇಜರ್ ಅಲ್ಲಿರುತ್ತದೆ. ಲಿನಕ್ಸನ್ನೂ ಅದೇ ಡ್ರೈವ್‌ಗೆ ಹಾಕಿದರೆ ಅದರ ಬೂಟ್ ಲೋಡರ್ ಆದ ಗ್ರಬ್ ಕೂಡ ಅಲ್ಲಿಗೇ ಬಂದು ಸೇರುತ್ತದೆ.

ಪಾಲಾದ ಅಣ್ಣತಮ್ಮಂದಿರು ನಡುಮನೆಗೆ ಗೋಡೆ ಎಬ್ಬಿಸಿ ಬಾಗಿಲು ಮಾತ್ರ ಒಂದೇ ಉಳಿಸಿಕೊಂಡರೆ ಏನಾಗುತ್ತದೋ ಇಲ್ಲೂ ಅದೇ. ವಿಂಡೋಸ್ ದೊಡ್ಡ ಅಪ್‌ಡೇಟ್ ಮಾಡಿಕೊಂಡಾಗ ತನ್ನ ಹೆಸರನ್ನೇ ಮುಂದಕ್ಕೆ ತಂದುಕೊಂಡು ಲಿನಕ್ಸ್ ಮರೆಯಾಗಬಹುದು. ಲಿನಕ್ಸಿಗೆ ಜಾಗ ಮಾಡಲು ವಿಂಡೋಸ್ ಪಾರ್ಟಿಷನ್ ಕುಗ್ಗಿಸುವಾಗ ಕರೆಂಟ್ ಹೋದರೆ ಇದ್ದ ಕಡತಗಳಿಗೇ ಕುತ್ತು. ಪಾವಗಡದ ತಿರುಮಣಿ ಸುತ್ತ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದ್ದರೂ ನಮ್ಮ ಸೀಮೆಯಲ್ಲಿ ಕರೆಂಟನ್ನು ನಂಬಿ ಪಾರ್ಟಿಷನ್ ಕುಗ್ಗಿಸಲು ಕೂರುವವರು ಕಡಿಮೆ.

ಎರಡನೇ ಡ್ರೈವ್ ಇದ್ದರೆ ಈ ತಾಪತ್ರಯಗಳು ಬಹಳ ಕಡಿಮೆ. ವಿಂಡೋಸ್‌ನ ಪಾರ್ಟಿಷನ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಲಿನಕ್ಸ್ ಹಾಕುವಾಗ ಅರ್ಧಕ್ಕೆ ಕರೆಂಟ್ ಹೋದರೆ ಹೊಸ ಡ್ರೈವನ್ನು ಮತ್ತೆ ಮೊದಲಿಂದ ಶುರು ಮಾಡಿದರಾಯಿತು. ಆದರೆ ಡ್ರೈವ್ ಎರಡಿದ್ದ ಮಾತ್ರಕ್ಕೆ ಎರಡೂ ಬೇರೆಬೇರೆಯಾಗಿ ಎದ್ದೇಳುತ್ತವೆ ಎಂದುಕೊಳ್ಳಬೇಡಿ. ಪ್ರತಿ ಡ್ರೈವ್‌ಗೂ ಅದರದೇ ಇಎಫ್ಐ ಪಾರ್ಟಿಷನ್ ಇರುವಂತೆ ನೀವು ನೋಡಿಕೊಳ್ಳಬೇಕು. ಇಡೀ ಕೆಲಸದ ಜೀವಾಳ ಇದೇ.

ಯಾವ ಡ್ರೈವ್, ಎಲ್ಲಿ ಜಾಗ

ಅಸೆಂಬಲ್ಡ್ ಡೆಸ್ಕ್‌ಟಾಪ್ ಇದ್ದವರಿಗೆ ಇದು ಸಲೀಸು. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ಬಿಚ್ಚಿದರೆ ಮದರ್‌ಬೋರ್ಡಿನ ಅಂಚಿನಲ್ಲಿ ಖಾಲಿ ಸಾಟಾ ಪೋರ್ಟ್ ಕಾಣುತ್ತದೆ. ಎರಡೂವರೆ ಇಂಚಿನ ಸಾಟಾ ಎಸ್ಎಸ್‌ಡಿ, ಒಂದು ಸಾಟಾ ಡೇಟಾ ಕೇಬಲ್, ಎಸ್ಎಂಪಿಎಸ್‌ನಿಂದ ಬರುವ ಒಂದು ಖಾಲಿ ಪವರ್ ಕನೆಕ್ಟರ್ ಇದ್ದರೆ ಮುಗಿಯಿತು. ಎಸ್ಎಸ್‌ಡಿ ಕೂರಿಸಲು ಫ್ರೇಮ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಳಗೆ ತಿರುಗುವ ಭಾಗ ಯಾವುದೂ ಇಲ್ಲದ್ದರಿಂದ ಅಲುಗಾಡದಂತೆ ಎಲ್ಲಿ ಕಟ್ಟಿದರೂ ಸರಿ. ಗಾತ್ರ 240 ಅಥವಾ 256 ಜಿಬಿ ಬೇಕಾದಷ್ಟಾಯಿತು. ಮಿಂಟ್ ಕೇಳುವ ಕನಿಷ್ಠ ಜಾಗ 20 ಜಿಬಿ, ಅದೇ ಶಿಫಾರಸು ಮಾಡುವುದು 100 ಜಿಬಿ.

ಲ್ಯಾಪ್‌ಟಾಪ್‌ನಲ್ಲಿ ಮೂರು ಸಾಧ್ಯತೆಗಳಿವೆ. ಕೆಲವದರಲ್ಲಿ ಎಂ.2 ಸ್ಲಾಟ್ ಒಂದು, ಎರಡೂವರೆ ಇಂಚಿನ ಜಾಗ ಇನ್ನೊಂದು, ಹೀಗೆ ಎರಡು ಕಡೆ ಡ್ರೈವ್ ಕೂರುತ್ತದೆ. ಎಂ.2 ಕೊಳ್ಳುವಾಗ ಎಚ್ಚರ: ನೋಡಲು ಒಂದೇ ಥರ ಇದ್ದರೂ ಅದರಲ್ಲಿ ಸಾಟಾ ಬಗೆ ಬೇರೆ, ಎನ್‌ವಿಎಂಇ ಬಗೆ ಬೇರೆ, ಸ್ಲಾಟ್ ಯಾವುದನ್ನು ಒಪ್ಪುತ್ತದೆಂದು ಮೊದಲೇ ತಿಳಿದಿರಬೇಕು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದನ್ನು ಎಳೆದು ತೆಗೆದು, ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಎಸ್ಎಸ್‌ಡಿ ಕೂರಿಸಬಹುದು. ಕ್ಯಾಡಿಗಳು 9.5 ಮಿ.ಮೀ. ಮತ್ತು 12.7 ಮಿ.ಮೀ. ದಪ್ಪದಲ್ಲಿ ಬರುತ್ತವೆ, ಹಳೆಯ ಡಿವಿಡಿ ಡ್ರೈವ್ ಅಳೆದು ನೋಡಿಕೊಂಡೇ ತರಬೇಕು. ಇದಾವುದೂ ಆಗದಿದ್ದರೆ ಯುಎಸ್‌ಬಿ ಎಸ್ಎಸ್‌ಡಿ. ಯುಎಸ್‌ಬಿ 3 ಪೋರ್ಟ್‌ಗೆ ಚುಚ್ಚಿದರೆ ದಿನನಿತ್ಯದ ಕೆಲಸಕ್ಕೆ ಸಾಕಷ್ಟು ವೇಗವಾಗಿಯೇ ಓಡುತ್ತದೆ. ಸಾಧಾರಣ ಪೆನ್‌ಡ್ರೈವನ್ನು ಮಾತ್ರ ಕಾಯಂ ಡ್ರೈವ್ ಮಾಡಿಕೊಳ್ಳಬೇಡಿ. ನಿಧಾನ, ಬೇಗ ಸವೆಯುತ್ತದೆ.

ತುಮಕೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಬಸ್ ಹತ್ತುವ ಮೊದಲು ಮದರ್‌ಬೋರ್ಡಿನ ಮಾದರಿ ಸಂಖ್ಯೆ, ಖಾಲಿ ಸ್ಲಾಟ್, ಎಸ್ಎಂಪಿಎಸ್‌ನ ವೈರುಗಳು ಇವಿಷ್ಟರ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಕೇಬಲ್‌ಗಾಗಿ ಇನ್ನೊಂದು ಸಲ ಓಡಾಡುವುದು ತಪ್ಪುತ್ತದೆ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ಬಳಸಿದರೆ ಒಂದು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಯಾವ ಪೋರ್ಟ್ ಎಂದು ಬರೆದಿರುತ್ತದೆ.

ಮೊದಲು ವಿಂಡೋಸ್‌ನಲ್ಲಿ ಮಾಡಬೇಕಾದದ್ದು

ಒಂದು: ಬ್ಯಾಕಪ್. ಮುಖ್ಯವಾದ ಕಡತಗಳನ್ನು ಬೇರೊಂದು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಬೀರುವಿನಲ್ಲಿಡಿ. ಯಂತ್ರಕ್ಕೆ ಚುಚ್ಚಿಕೊಂಡೇ ಇರುವ ಬ್ಯಾಕಪ್, ಡ್ರೈವ್ ಆರಿಸುವಾಗ ಕೈತಪ್ಪಿದರೆ ತಾನೂ ಅಳಿಸಿಹೋಗುತ್ತದೆ.

ಎರಡು: ಬಿಟ್‌ಲಾಕರ್. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡ್ರೈವ್ ತಾನಾಗಿ ಗೂಢಲಿಪಿಗೆ ಬದಲಾಗಿರುವುದು ಸಾಮಾನ್ಯ. ಎಷ್ಟೋ ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಮೈಕ್ರೋಸಾಫ್ಟ್ ಖಾತೆಯೊಳಗೆ ಸಿಗುತ್ತದೆ. ಕೆಲಸ ಶುರು ಮಾಡುವ ಮುನ್ನವೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಮೂರು: ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ವಿಂಡೋಸ್ 'ಶಟ್‌ಡೌನ್' ಆದಾಗ ನಿಜವಾಗಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಸ್ಥಿತಿಯ ಒಂದು ಪಾಲನ್ನು ಡ್ರೈವ್‌ಗೆ ಬರೆದು ಅರೆನಿದ್ದೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಏನಾದರೂ ಬರೆದರೆ ಕಡತ ವ್ಯವಸ್ಥೆ ಕೆಡುತ್ತದೆ. ಅದಕ್ಕೇ ಲಿನಕ್ಸ್ ಅಂಥ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯಲು ನಿರಾಕರಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಎದುರಿನ ಗುರುತು ತೆಗೆಯಿರಿ.

ನಾಲ್ಕು: ಬೂಟ್ ಬಗೆ. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಂ ಇನ್ಫರ್ಮೇಶನ್' ಹುಡುಕಿ ತೆರೆದರೆ 'ಬಯೋಸ್ ಮೋಡ್' ಎಂಬ ಸಾಲಿದೆ. ಅಲ್ಲಿ ಯುಇಎಫ್ಐ ಎಂದಿದ್ದರೆ ಲಿನಕ್ಸನ್ನೂ ಯುಇಎಫ್ಐನಲ್ಲೇ ಹಾಕಿ. ಲೆಗಸಿ ಎಂದಿದ್ದರೆ ಲೆಗಸಿಯಲ್ಲೇ. ಎರಡನ್ನೂ ಬೆರೆಸಿದರೆ ಗ್ರಬ್‌ಗೆ ವಿಂಡೋಸನ್ನು ಎಬ್ಬಿಸಲು ಆಗುವುದಿಲ್ಲ. ಲೆಗಸಿ ಯಂತ್ರದಲ್ಲಿ ಇಎಫ್ಐ ಪಾರ್ಟಿಷನ್ ಇರುವುದಿಲ್ಲ, ಗ್ರಬ್ ಡ್ರೈವ್‌ನ ಮೊದಲ ತುದಿಯಲ್ಲಿ ಕೂರುತ್ತದೆ. ಉಳಿದ ವಿಧಾನ ಬದಲಾಗುವುದಿಲ್ಲ.

ಐದು: ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗಳು ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಅಡಗಿ, ಲಿನಕ್ಸ್‌ಗೆ ಕಾಣಿಸದೇ ಇರಬಹುದು. ಹಾಗಾದರೆ ಬಯೋಸ್‌ನಲ್ಲಿ ಅದನ್ನು ಎಎಚ್‌ಸಿಐಗೆ ಬದಲಾಯಿಸಬೇಕು. ಸುಮ್ಮನೆ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಎದ್ದೇಳುವಂತೆ ಹೊಂದಿಸಿ, ಆಮೇಲೆ ಬಯೋಸ್ ಬದಲಾಯಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಸಹಜ ಸ್ಥಿತಿಗೆ ತರಬೇಕು.

ಪೆನ್‌ಡ್ರೈವ್ ತಯಾರಿ

ಮೊದಲ ಸಲ ಹಾಕುವವರಿಗೆ ಲಿನಕ್ಸ್ ಮಿಂಟ್ ಒಳ್ಳೆಯದು. ಕೆಳಗೆ ಪಟ್ಟಿ, ಎಡತುದಿಯಲ್ಲಿ ಮೆನು. ವಿಂಡೋಸ್ 7ರಲ್ಲಿ ಪಳಗಿದ ಕೈಗೆ ಹೊಸದೆನಿಸುವುದಿಲ್ಲ. ಮಿಂಟ್ 22ರ ಸರಣಿ ಉಬುಂಟು 24.04ರ ತಳಹದಿಯ ಮೇಲೆ ನಿಂತಿದ್ದು 2029ರವರೆಗೆ ಅಪ್‌ಡೇಟ್ ಪಡೆಯುತ್ತದೆ. ಅದನ್ನು ಹಾಕಲು ಇಳಿಸಿಕೊಳ್ಳಬೇಕಾದ ಐಎಸ್ಒ ಕಡತ ಸುಮಾರು 3 ಜಿಬಿ. ಉಬುಂಟುವಿನದು ಇನ್ನೂ ದೊಡ್ಡದು. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಪ್ಯಾಕ್ ನಂಬಿದವರು ಟೊರೆಂಟ್ ಮೂಲಕ ಇಳಿಸಿಕೊಳ್ಳುವುದು ಲೇಸು: ನೆಟ್‌ವರ್ಕ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಎರಡು ದಿನಕ್ಕೆ ಹಂಚಿ ಮುಗಿಸಬಹುದು.

ಇಳಿಸಿದ ಕಡತ ಸರಿಯಿದೆಯೇ ಎಂದು ನೋಡಲು ಮಿಂಟ್‌ನ ಜಾಲತಾಣದಲ್ಲಿ ಎಸ್ಎಚ್ಎ256 ಎಂಬ ಉದ್ದನೆಯ ಗುರುತುಸಂಖ್ಯೆ ಕೊಟ್ಟಿರುತ್ತಾರೆ. ನಿಮ್ಮ ಕಡತದ ಸಂಖ್ಯೆಯೂ ಅದೇ ಬಂದರೆ ಸರಿ. ಆಮೇಲೆ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಚುಚ್ಚಿ, ರೂಫಸ್ ಅಥವಾ ಬಲೆನಾ ಎಚರ್ ತಂತ್ರಾಂಶದಿಂದ ಐಎಸ್ಒವನ್ನು ಅದಕ್ಕೆ ಬರೆಯಿರಿ. ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇದ್ದರೆ ಮೊದಲೇ ತೆಗೆದಿಡಿ.

ಹಾಕುವ ಮೊದಲು ಓಡಿಸಿ ನೋಡಿ

ಯಂತ್ರ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀಲಿಯನ್ನು ಒತ್ತುತ್ತಿರಬೇಕು. ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಗಿಗಾಬೈಟ್ ಬೋರ್ಡಿನಲ್ಲಿ ಎಫ್12, ಎಂಎಸ್ಐನಲ್ಲಿ ಎಫ್11. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯೋಸ್ ಒಳಗೆ ಚಾಲೂ ಮಾಡಬೇಕಾಗಿ ಬರಬಹುದು. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಯಾವ ಡ್ರೈವನ್ನೂ ಮುಟ್ಟದೆ ನೇರ ರ‍್ಯಾಮ್‌ನಲ್ಲಿ ಎದ್ದೇಳುತ್ತದೆ. ಇದನ್ನು ಲೈವ್ ಎನ್ನುತ್ತಾರೆ.

ಈ ಹಂತದಲ್ಲಿ ಒಂದರ್ಧ ಗಂಟೆ ಕಳೆದರೂ ನಷ್ಟವಿಲ್ಲ. ವೈಫೈ ಸಿಗುತ್ತದೆಯೇ, ಸ್ಪೀಕರ್ ಉಲಿಯುತ್ತದೆಯೇ, ಟಚ್‌ಪ್ಯಾಡ್, ಕ್ಯಾಮೆರಾ, ಪ್ರಿಂಟರ್ ಓಡುತ್ತವೆಯೇ ನೋಡಿ. ಕೆಲವು ಬ್ರಾಡ್‌ಕಾಂ ವೈಫೈ ಚಿಪ್‌ಗಳಿಗೆ ಚಾಲಕ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕು, ಅದನ್ನು ಇಳಿಸಲು ಇಂಟರ್ನೆಟ್ ಬೇಕು! ಆಗ ಆಂಡ್ರಾಯ್ಡ್ ಮೊಬೈಲನ್ನು ಡೇಟಾ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ಕೇಬಲ್ ಇಂಟರ್ನೆಟ್ ಎಂದೇ ತಿಳಿದು ಕೂಡಲೇ ಒಪ್ಪಿಕೊಳ್ಳುತ್ತದೆ.

ವಿಂಡೋಸ್ ಡ್ರೈವ್ ಬಿಚ್ಚಿಡಿ

ಉಬುಂಟುವಿನಿಂದ ಬಂದು ಮಿಂಟ್‌ನಲ್ಲಿ ಈಗಲೂ ಬಳಕೆಯಲ್ಲಿರುವ ಯುಬಿಕ್ವಿಟಿ ಎಂಬ ಇನ್‌ಸ್ಟಾಲರ್‌ಗೆ ಒಂದು ಹಳೆಯ ಚಾಳಿಯಿದೆ. ಬೂಟ್ ಲೋಡರನ್ನು ಎರಡನೇ ಡ್ರೈವ್‌ಗೆ ಹಾಕು ಎಂದು ನೀವು ಆರಿಸಿದರೂ ಅದು ತನಗೆ ಮೊದಲು ಸಿಕ್ಕ ಇಎಫ್ಐ ಪಾರ್ಟಿಷನ್‌ಗೆ, ಅಂದರೆ ವಿಂಡೋಸ್ ಇರುವ ಡ್ರೈವ್‌ನದಕ್ಕೆ ಹೋಗಿ ಬರೆದುಬಿಡುತ್ತದೆ. ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಓಡುತ್ತಿರುತ್ತದೆ. ಒಂದು ದಿನ ವಿಂಡೋಸ್ ಕೆಟ್ಟು, ಅಂಗಡಿಯವರು ಆ ಡ್ರೈವನ್ನು ಫಾರ್ಮ್ಯಾಟ್ ಹೊಡೆದಾಗ ಲಿನಕ್ಸೂ ಏಳದೆ ಮಲಗುತ್ತದೆ. ಆಗ ಎರಡು ಡ್ರೈವ್ ಇಟ್ಟುಕೊಂಡ ಉದ್ದೇಶವೇ ಮಣ್ಣುಪಾಲು.

ಇದಕ್ಕೆ ಸರಳ ಮದ್ದು: ಲಿನಕ್ಸ್ ಹಾಕುವಾಗ ವಿಂಡೋಸ್ ಡ್ರೈವ್ ಯಂತ್ರದಲ್ಲಿ ಇರಲೇಬಾರದು. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ ಇಳಿಸಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಕೈಯ ಸ್ಥಿರವಿದ್ಯುತ್ ಕಳೆದುಕೊಂಡು, ಹಳೆಯ ಡ್ರೈವ್‌ನ ಸಾಟಾ ಕೇಬಲ್ ಎಳೆದುಬಿಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸಂಪರ್ಕ ತಪ್ಪಿಸಿ ಎಂ.2ನ ಒಂದು ಸ್ಕ್ರೂ ಬಿಚ್ಚಿದರೆ ಡ್ರೈವ್ ಮೇಲೇಳುತ್ತದೆ. ಬಿಚ್ಚಲು ಮನಸ್ಸಿಲ್ಲದಿದ್ದರೆ, ಕೆಲವು ಬಯೋಸ್‌ಗಳಲ್ಲಿ ಆ ಪೋರ್ಟನ್ನೇ ತಾತ್ಕಾಲಿಕವಾಗಿ ಬಂದ್ ಮಾಡುವ ಆಯ್ಕೆ ಇದೆ.

ಈಗ ಯಂತ್ರದಲ್ಲಿ ಇರುವುದು ಹೊಸ ಡ್ರೈವ್ ಒಂದೇ. ಲೈವ್‌ನ ಪರದೆಯ ಮೇಲಿನ ಇನ್‌ಸ್ಟಾಲ್ ಗುರುತು ಒತ್ತಿ. ಭಾಷೆ, ಕೀಲಿಮಣೆ ಆರಿಸಿದ ಮೇಲೆ ಎಲ್ಲರನ್ನೂ ಹೆದರಿಸುವ 'ಇರೇಸ್ ಡಿಸ್ಕ್' ಆಯ್ಕೆ ಬರುತ್ತದೆ. ಅಳಿಸಲು ಖಾಲಿ ಡ್ರೈವ್ ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ನಿಶ್ಚಿಂತೆಯಿಂದ ಒತ್ತಬಹುದು. ಇಎಫ್ಐ ಪಾರ್ಟಿಷನ್, ಮುಖ್ಯ ಪಾರ್ಟಿಷನ್, ಸ್ವಾಪ್ ಕಡತ ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟರೆ ಮಿಕ್ಕದ್ದು ತಾನಾಗಿ ನಡೆಯುತ್ತದೆ.

ಡ್ರೈವ್ ಬಿಚ್ಚುವುದೂ ಆಗದು, ಬಂದ್ ಮಾಡುವುದೂ ಆಗದು ಎಂಬ ಸ್ಥಿತಿಯಲ್ಲಿ 'ಸಮ್‌ಥಿಂಗ್ ಎಲ್ಸ್' ಆಯ್ಕೆಯಿದೆ. ಅಲ್ಲಿ ಸಾಟಾ ಡ್ರೈವ್‌ಗಳು ಎಸ್‌ಡಿಎ, ಎಸ್‌ಡಿಬಿ ಎಂದೂ ಎನ್‌ವಿಎಂಇ ಡ್ರೈವ್ ಬೇರೊಂದು ಉದ್ದ ಹೆಸರಿನಿಂದಲೂ ಕಾಣುತ್ತವೆ. ಈ ಹೆಸರುಗಳನ್ನು ನಂಬಬೇಡಿ, ಇನ್ನೊಂದು ಸಲ ಆನ್ ಮಾಡಿದಾಗ ಅದಲುಬದಲಾಗಬಹುದು. ಡ್ರೈವ್‌ನ ಗಾತ್ರ ಮತ್ತು ಮಾದರಿ ನೋಡಿ ಗುರುತಿಸಿ. ಎರಡೂ ಒಂದೇ ಗಾತ್ರದವಾದರೆ ಈ ದಾರಿಗೆ ಹೋಗದಿರುವುದೇ ಕ್ಷೇಮ. ಹೊಸ ಡ್ರೈವ್‌ನಲ್ಲಿ 512 ಎಂಬಿಯ ಇಎಫ್ಐ ಪಾರ್ಟಿಷನ್ ಒಂದು, ಉಳಿದದ್ದಕ್ಕೆ ಎಕ್ಸ್‌ಟಿ4 ಮಾದರಿಯ ಮುಖ್ಯ ಪಾರ್ಟಿಷನ್ ಒಂದು ಮಾಡಿ. ಶುರು ಮಾಡುವ ಮೊದಲು ಜಿಪಾರ್ಟೆಡ್ ಎಂಬ ಉಪಕರಣದಲ್ಲಿ ವಿಂಡೋಸ್‌ನ ಇಎಫ್ಐ ಪಾರ್ಟಿಷನ್‌ಗೆ ಇರುವ 'ಬೂಟ್', 'ಇಎಸ್‌ಪಿ' ಗುರುತುಗಳನ್ನು ತೆಗೆದು, ಮುಗಿದ ಮೇಲೆ ಮರಳಿ ಹಾಕಿದರೆ ಇನ್‌ಸ್ಟಾಲರ್ ಅತ್ತ ಹೋಗುವುದಿಲ್ಲ.

ನಂಬಲರ್ಹ ಸಹಿ ಇರುವ ತಂತ್ರಾಂಶವನ್ನು ಮಾತ್ರ ಎಬ್ಬಿಸುವ ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್, ಉಬುಂಟು, ಫೆಡೋರಾ ಮೂರೂ ಎದ್ದೇಳುತ್ತವೆ. ಅವುಗಳ ಮೊದಲ ಕೊಂಡಿಯಾದ ಶಿಮ್‌ಗೆ ಮೈಕ್ರೋಸಾಫ್ಟ್‌ನ ಸಹಿ ಇದೆ. ಎನ್‌ವಿಡಿಯಾದಂಥ ಹೊರಗಿನ ಚಾಲಕ ತಂತ್ರಾಂಶ ಹಾಕುವಾಗ ಮಾತ್ರ ಇನ್‌ಸ್ಟಾಲರ್ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಾಗಿ 'ಕಂಟಿನ್ಯೂ' ಒತ್ತಿದರೆ ಆ ಚಾಲಕ ಕೆಲಸ ಮಾಡುವುದಿಲ್ಲ, ಅಷ್ಟೆ.

ಎರಡನ್ನೂ ಜೋಡಿಸಿದ ಮೇಲೆ

ಕೆಲಸ ಮುಗಿಸಿ ಯಂತ್ರ ಆಫ್ ಮಾಡಿ, ವಿಂಡೋಸ್ ಡ್ರೈವನ್ನು ಮತ್ತೆ ಜೋಡಿಸಿ. ಬಯೋಸ್‌ನ ಬೂಟ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮತ್ತು 'ಉಬುಂಟು' ಎಂಬ ಎರಡು ಹೆಸರು ಕಾಣುತ್ತವೆ. ಮಿಂಟ್ ಹಾಕಿದರೂ ಹೆಸರು ಉಬುಂಟು ಎಂದೇ ಇರುತ್ತದೆ, ಅದು ಸರಿಯೇ. ದಿನದ ಹೆಚ್ಚು ಹೊತ್ತು ಯಾವುದು ಬೇಕೋ ಅದನ್ನು ಮೇಲಿಡಿ. ಇನ್ನೊಂದು ಬೇಕಾದಾಗ ಎಫ್12 ಅಥವಾ ನಿಮ್ಮ ಯಂತ್ರದ ಕೀಲಿ ಒತ್ತಿ ಆರಿಸಿಕೊಳ್ಳಿ. ಹಲವರು ಬಳಸುವ ಯಂತ್ರವಾದರೆ ಆ ಕೀಲಿಯ ಹೆಸರನ್ನು ಮಾನಿಟರ್ ಅಂಚಿಗೆ ಅಂಟಿಸಿಬಿಡಿ.

ಪ್ರತಿ ಸಲ ಪಟ್ಟಿ ತಾನಾಗಿ ಬರಲಿ ಎನ್ನುವವರು ಉಬುಂಟುವನ್ನು ಮೇಲಿಟ್ಟು, ಲಿನಕ್ಸ್‌ನಲ್ಲಿ ಗ್ರಬ್ ಪಟ್ಟಿಯನ್ನು ಹೊಸದಾಗಿ ಬರೆಸಬೇಕು. ಬೇರೆ ಡ್ರೈವ್‌ಗಳಲ್ಲಿ ವಿಂಡೋಸ್ ಇದೆಯೇ ಎಂದು ಹುಡುಕುವ ಕೆಲಸ ಓಎಸ್-ಪ್ರೋಬರ್ ಎಂಬ ಪುಟ್ಟ ತಂತ್ರಾಂಶದ್ದು. 2021ರ ಗ್ರಬ್ 2.06ರಿಂದ ಭದ್ರತೆಯ ಕಾರಣಕ್ಕೆ ಅದನ್ನು ಮೂಲದಲ್ಲೇ ಆಫ್ ಮಾಡಿದ್ದಾರೆ. ವಿಂಡೋಸ್ ಕಾಣದಿದ್ದರೆ ಗ್ರಬ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಅದನ್ನು ಆನ್ ಮಾಡಬೇಕು. ಈ ಪಟ್ಟಿ ಕೆಟ್ಟರೂ ಬೂಟ್ ಮೆನುವಿನ ದಾರಿ ಇದ್ದೇ ಇರುತ್ತದೆ.

ಎರಡನೇ ದಿನ ಬಹುತೇಕರಿಗೆ ಎದುರಾಗುವ ತೊಂದರೆ ಗಡಿಯಾರದ್ದು. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಸಂಜೆ 4 ಗಂಟೆ ಬೆಳಿಗ್ಗೆ 10.30 ಎಂದು ತೋರಿಸುತ್ತದೆ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ವಿಶ್ವಮಾನ ಸಮಯ ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ನಡುವಿನ ಅಂತರ ಭಾರತೀಯ ಸಮಯದ ಐದೂವರೆ ಗಂಟೆ. ಗಡಿಯಾರ ತಪ್ಪಿದರೆ ಬ್ಯಾಂಕ್ ಜಾಲತಾಣಗಳು ತೆರೆಯುವುದಕ್ಕೂ ತಕರಾರು ಮಾಡಬಹುದು. ಸ್ಥಳೀಯ ಸಮಯವನ್ನೇ ಬಳಸು ಎಂದು ಲಿನಕ್ಸ್‌ಗೆ ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಯಿಂದ ಒಮ್ಮೆ ಹೇಳಿದರೆ ತೊಂದರೆ ನಿಲ್ಲುತ್ತದೆ.

ಎರಡನೇ ಡ್ರೈವ್‌ನಿಂದಲೂ ತಪ್ಪಿಸಲಾಗದ ತೊಂದರೆ ಒಂದಿದೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಬಂದಾಗ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಎದ್ದೇಳಲಿಲ್ಲ, ಎಸ್‌ಬ್ಯಾಟ್ ಪರೀಕ್ಷೆ ವಿಫಲ ಎಂಬ ಸಂದೇಶ ಬಂತು. ಹಳೆಯ ಶಿಮ್‌ಗಳನ್ನು ನಂಬಬೇಡ ಎಂದು ಆ ಅಪ್‌ಡೇಟ್ ಮದರ್‌ಬೋರ್ಡಿನ ನೆನಪಿಗೇ ಬರೆದಿತ್ತು. ಹಾಗಾಗಿ ಲಿನಕ್ಸ್ ಯಾವ ಡ್ರೈವ್‌ನಲ್ಲಿದ್ದರೂ ಬಿಸಿ ತಟ್ಟಿತು. ಅಂಥದ್ದು ಮತ್ತೆ ಬಂದರೆ ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ ಅಪ್‌ಡೇಟ್ ಮಾಡಿಕೊಳ್ಳುವುದು ದಾರಿ.

ಕನ್ನಡ, ಶಾಲೆ, ಅಂಗಡಿ

ಲಿನಕ್ಸ್ ಕನ್ನಡ ಶಾಲೆಗಳಿಗೆ ಅಪರಿಚಿತವಲ್ಲ. ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2011ರ ಹೊತ್ತಿಗೆ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ, ಲಿಬ್ರೆ ಆಫೀಸ್‌ಗಳಲ್ಲಿ ತರಬೇತಿ ಕೊಟ್ಟಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಯಾವುದಾದರೂ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನದ ಹಿರಿಯ ಮೇಷ್ಟ್ರನ್ನು ಕೇಳಿ ನೋಡಿ. ಉಬುಂಟು ಮುಟ್ಟಿದವರು ಸಿಕ್ಕರೂ ಸಿಕ್ಕಾರು. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯಕ್ರಮದಂತೆ ಐಸಿಟಿ ಪಾಠವನ್ನು ಲಿನಕ್ಸ್‌ನಲ್ಲೇ ಕಲಿಯುತ್ತಾರೆ.

ಕನ್ನಡ ಟೈಪಿಂಗ್‌ಗೆ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಹಾಕಿಕೊಂಡು, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದು, ಕನ್ನಡದ ಕೆಳಗೆ 'ಕೆಜಿಪಿ' ಸೇರಿಸಿ. ಕೆ. ಪಿ. ರಾವ್ ಅವರ ವಿನ್ಯಾಸದ ತಳಹದಿಯ ಮೇಲೆ ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದ, ನುಡಿಯಲ್ಲಿ ಎಲ್ಲರ ಬೆರಳಿಗೆ ಅಂಟಿದ ಕೀಲಿಮಣೆ ಅದೇ. ಒತ್ತಕ್ಷರಕ್ಕೆ ನಡುವೆ ಒತ್ತುವುದು ಅದೇ 'ಎಫ್' ಕೀಲಿ. ಅಕ್ಷರ ರೂಪಗಳಿಗೆ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಕಡತಗಳು ಇಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ತಂದರೆ ಸರಿಹೋಗುತ್ತದೆ.

ಅಂಗಡಿ ನಡೆಸುವವರು ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು. ಆಧಾರ್ ಬಯೋಮೆಟ್ರಿಕ್, ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ ವಿಂಡೋಸ್‌ನಲ್ಲೇ ಇರಲಿ. ನಮ್ಮ ಊರುಗಳ ಜೆರಾಕ್ಸ್ ಅಂಗಡಿಯಲ್ಲಿ ಮೇಲಿಂದ ಮೇಲೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕೂಡ ವಿಂಡೋಸ್ ಕಡೆಯೇ ಇರಲಿ. ಅದರ ಕ್ಯಾಪ್ಟ್ ಚಾಲಕವನ್ನು ಲಿನಕ್ಸ್‌ಗೆ ಒಗ್ಗಿಸುವುದು ತಲೆನೋವಿನ ಕೆಲಸ. ಎಚ್‌ಪಿ ಪ್ರಿಂಟರ್‌ಗಳು ಸಾಮಾನ್ಯವಾಗಿ ಸಲೀಸಾಗಿ ಓಡುತ್ತವೆ. ಇಂಟರ್ನೆಟ್, ಪತ್ರ ಬರೆಯುವುದು, ಮಕ್ಕಳ ಪಾಠ, ಗಿರಾಕಿಗಳು ತಂದ ಪೆನ್‌ಡ್ರೈವ್ ತೆರೆಯುವುದು ಲಿನಕ್ಸ್‌ನಲ್ಲಿ ನಡೆಯಲಿ; ವಿಂಡೋಸ್‌ಗೆಂದೇ ಬರೆದ ವೈರಸ್‌ಗಳು ಅಲ್ಲಿ ಓಡುವುದಿಲ್ಲ. ಎರಡೂ ಕಡೆ ಬೇಕಾದ ಕಡತಗಳಿಗೆ ವಿಂಡೋಸ್ ಡ್ರೈವ್‌ನ ಡಿ ಭಾಗ ಸಾಕು. ಸಿ ಭಾಗಕ್ಕೆ ಲಿನಕ್ಸ್‌ನಿಂದ ಏನನ್ನೂ ಬರೆಯದಿರುವುದು ಒಳ್ಳೆಯ ರೂಢಿ.

ಎಲ್ಲ ಮುಗಿದ ಮೇಲೆ ಕೊನೆಯದಾಗಿ ಒಂದು ಪರೀಕ್ಷೆ ಮಾಡಿ. ವಿಂಡೋಸ್ ಡ್ರೈವ್ ಬಿಚ್ಚಿ ಆನ್ ಮಾಡಿ, ಲಿನಕ್ಸ್ ಎದ್ದೇಳಬೇಕು. ಅದನ್ನು ಜೋಡಿಸಿ, ಲಿನಕ್ಸ್ ಡ್ರೈವ್ ಬಿಚ್ಚಿ ಆನ್ ಮಾಡಿ, ವಿಂಡೋಸ್ ಎದ್ದೇಳಬೇಕು. ಬಿಚ್ಚಿ ಜೋಡಿಸಿದಾಗ ಕೆಲವು ಬಯೋಸ್‌ಗಳು ಪಟ್ಟಿಯ ಕ್ರಮ ಮರೆಯುತ್ತವೆ, ಅದನ್ನು ಸರಿಪಡಿಸಿಕೊಂಡರೆ ಆಯಿತು. ಎರಡೂ ಒಂದಕ್ಕೊಂದು ಕಾಯದೆ ಎದ್ದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಒಂದು ಏಳದಿದ್ದರೆ ಬೂಟ್ ಲೋಡರ್ ತಪ್ಪು ಡ್ರೈವ್‌ನಲ್ಲಿ ಕೂತಿದೆ. ಲಿನಕ್ಸ್ ಡ್ರೈವ್‌ನಲ್ಲಿ ಇನ್ನೂ ಏನೂ ಇಲ್ಲದಿರುವಾಗಲೇ ಮತ್ತೊಮ್ಮೆ ಹಾಕಿಬಿಡುವುದು ಸುಲಭ. ಮುಂದೆಂದಾದರೂ ಲಿನಕ್ಸ್ ಬೇಡವೆನಿಸಿದರೂ ಇದೇ ಅನುಕೂಲ: ಬಯೋಸ್‌ನಲ್ಲಿ ವಿಂಡೋಸನ್ನು ಮೇಲಕ್ಕೆ ತಂದು, ಆ ಎಸ್ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಹಚ್ಚಬಹುದು.